ಮಾಡದಕೆರೆಯ ಸವಾರನ ಪದಕ

ತೊಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಚಿತ್ರದುರ್ಗದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುತ್ತಿದ್ದೆ. ಬ್ರಿಟಿಷರ ಕಾಲದ ಕುದುರೆ ಸಿಪಾಯಿಗಳಿಗೆ ಸಿಕ್ಕ ಯುದ್ಧದ ಪದಕಗಳನ್ನು ಕೂಡಿಹಾಕುವುದು ನನ್ನ ಚಟ. ಹಿರಿಯೂರಿಗೆ ಹೋಗಲಿ, ಹೊಳಲ್ಕೆರೆಗೆ ಹೋಗಲಿ, ಮೊದಲು ಬೆಳ್ಳಿ ಅಂಗಡಿಗೆ ನುಗ್ಗುತ್ತಿದ್ದೆ. ಮಗಳ ಮದುವೆ ಗೊತ್ತಾದ ತಂದೆಯೆಂದು ತಿಳಿದು ಅಂಗಡಿಯವರು ಕುರ್ಚಿ ಹಾಕುತ್ತಿದ್ದರು. ವಿಷಯ ತಿಳಿದ ಮೇಲೆ ಫ್ಯಾನ್ ಆರಿಸುತ್ತಿದ್ದರು.

ಒಮ್ಮೆ ಹೊಸದುರ್ಗದ ಅಕ್ಕಸಾಲಿಯ ಹತ್ತಿರ ಅಂಥದೊಂದು ಪದಕ, ಮೊದಲ ಮಹಾಯುದ್ಧದ್ದು, ಕರಗುವ ಸರದಿ ಕಾಯುತ್ತಾ ಬಿದ್ದಿತ್ತು. ಒಂದು ಮುಖದಲ್ಲಿ ಬ್ರಿಟಿಷ್ ರಾಜನ ತಲೆ, ಇನ್ನೊಂದರಲ್ಲಿ ಮೈಮೇಲೆ ನೂಲೆಳೆಯೂ ಇಲ್ಲದ ಕುದುರೆ ಸವಾರ. ನಾನು ಎರಡನ್ನೂ ಬಿಟ್ಟು ಅಂಚನ್ನು ಬೆಳಕಿಗೆ ಹಿಡಿದೆ. ಇಂಥ ಪದಕದ ಜೀವವೆಲ್ಲ ಇರುವುದು ಆ ಅಂಚಿನಲ್ಲಿ. ಪಡೆದವನ ನಂಬರು, ಹೆಸರು, ಪಡೆ ಎಲ್ಲವನ್ನೂ ಅಲ್ಲೇ ಕೊರೆದಿರುತ್ತಾರೆ. ಇವನು ಮೈಸೂರು ಮಹಾರಾಜರ ಕುದುರೆ ಪಡೆಯ ಸವಾರ. ಹೆಸರು ನಮ್ಮ ಕಡೆಯದೇ, ಇಂಗ್ಲಿಷಿಗೆ ಸಿಕ್ಕಿ ಕೈಕಾಲು ಮುರಿದುಕೊಂಡಿತ್ತು.

"ಮಾಡದಕೆರೆ ಅಜ್ಜಿ ತಂದುಕೊಟ್ಟೈತೆ ಸಾರ್. ಮೊಮ್ಮಗಳಿಗೆ ಕಾಲುಚೈನು ಮಾಡ್ಬೇಕು" ಎಂದ ಅಕ್ಕಸಾಲಿ.

ಮದುವೆಯಲ್ಲಿ ನನ್ನ ಮಾವ ಕೊಟ್ಟಿದ್ದ ಬೆಳ್ಳಿ ಲೋಟ ಪದಕದ ಬದಲಿಗೆ ಅವನ ಕುಲುಮೆ ಸೇರಿತು.

"ಬತ್ತಲೆ ಕೂತವನಿಗೋಸ್ಕರ ನಮ್ಮಪ್ಪನ ಲೋಟ ಕೊಟ್ಟುಬಂದ್ರಾ?" ಎಂದು ಹೆಂಡತಿ ಕೇಳಿದಳು. ನಾನು ಪದಕವನ್ನು ಮಗುಚಿ ರಾಜನ ಮುಖ ಮೇಲೆ ಬರುವಂತೆ ಇಟ್ಟೆ.

ಕಾಲುಚೈನು ಸಿದ್ಧವಾದ ಮೇಲೆ ನಾನೇ ಅದನ್ನು ಹಿಡಿದು ಮಾಡದಕೆರೆಗೆ ಹೋದೆ. ಅಜ್ಜಿ ಕುರಿದೊಡ್ಡಿಯ ಮುಂದೆ ಕೂತಿದ್ದಳು. ಆ ಸವಾರ ಅವಳ ಅಪ್ಪ.

"ಕುಂತ್ಕಳ್ರಿ ಮೇಷ್ಟ್ರೇ" ಎಂದಳು.

ಎಲ್ಲೆಲ್ಲಿ ಯುದ್ಧ ಮಾಡಿದ್ದು, ಎಂಥ ಸಾಹಸ ಎಂದು ನಾನು ಆಸೆಯಿಂದ ಕೇಳಿದೆ.

"ಯುದ್ಧ ಏನ್ ಮಾಡ್ತೋ ಕಾಣೆ. ಲದ್ದಿ ಬಾಚಿದ್ದು ಮಾತ್ರ ಬಾಳ ಹೇಳ್ತಿತ್ತು ನಮ್ಮಪ್ಪ. ನೀರು ಕಮ್ಮಿ ಆದಾಗ ತನ್ನ ಪಾಲಿಂದನ್ನೂ ಕುದುರೆಗೇ ಕುಡಿಸ್ತಿತ್ತಂತೆ. ಅಲ್ಲೇ ಮರಳುಗಾಡಾಗೆ ಒಂಟೆ ಕಚ್ಚಿತ್ತು. ಭುಜದ ಮೇಲೆ ಗುರುತಿತ್ತು."

"ಗುಂಡೇಟು ಗಿಂಡೇಟು?"

"ಇಲ್ಲಪ್ಪ. ಒಂಟೇನೇ."

ನಾನು ಇದನ್ನೆಲ್ಲ ಇದ್ದದ್ದು ಇದ್ದ ಹಾಗೆ ಬರೆದು ಊರಿನ ಪತ್ರಿಕೆಯೊಂದಕ್ಕೆ ಕೊಟ್ಟೆ. ಜಾಗ ಸಾಲದೆ ಅವರು ಲದ್ದಿಯನ್ನೂ ಒಂಟೆಯನ್ನೂ ತೆಗೆದುಹಾಕಿದರು. ಉಳಿದದ್ದು ವೀರ ಮಾತ್ರ. ಆ ವಾರವೇ ಮಾಡದಕೆರೆಯಲ್ಲಿ ಅವನ ಹೆಸರಿನ ಯುವಕ ಸಂಘ ಹುಟ್ಟಿತು. ಅಧ್ಯಕ್ಷ ನಮ್ಮ ಮನೆಗೆ ಬಂದು, ಸನ್ಮಾನದ ಕಾರ್ಯಕ್ರಮ ಐತೆ, ಪದಕ ಕೊಟ್ಟಿರ್ರಿ ಎಂದ. ಕೊಟ್ಟೆ.

ಕಾರ್ಯಕ್ರಮದ ದಿನ ಶಾಲೆಯ ಬಯಲಲ್ಲಿ ಶಾಮಿಯಾನ, ವೇದಿಕೆಯ ಮೇಲೆ ಕೆಂಪು ದಿಂಬು, ದಿಂಬಿನ ಮೇಲೆ ಹಳದಿಯಾಗಿ ಹೊಳೆಯುವ ಏನೋ ಒಂದು. ಹತ್ತಿರ ಹೋಗಿ ನೋಡಿದರೆ ನನ್ನ ಪದಕ!

"ಬೆಳ್ಳಿ ಮಂಕಾಗಿತ್ತು ಸಾರ್. ಚೆನ್ನಾಗಿ ಉಜ್ಜಿಸಿ ಬಂಗಾರದ ನೀರು ಹಾಕ್ಸಿದ್ವಿ" ಎಂದ ಅಧ್ಯಕ್ಷ, ಶಹಬ್ಬಾಸ್‌ಗಿರಿಗೆ ಕಾಯುತ್ತಾ.

ನಾನು ಅಂಚನ್ನು ತಿರುಗಿಸಿದೆ. ಬಳೆಯಷ್ಟು ನುಣುಪು. ಅಕ್ಷರವೊಂದೂ ಇರಲಿಲ್ಲ.

ಅಷ್ಟರಲ್ಲಿ ತಾಲ್ಲೂಕಿನ ಮುಖಂಡರೊಬ್ಬರು ಮೈಕು ಹಿಡಿದು, ಬಿಳಿಯರ ಎದೆ ನಡುಗಿಸಿದ ಸ್ವಾತಂತ್ರ್ಯ ಯೋಧ ಎಂದು ಶುರುಮಾಡಿದರು. ನಾನು ಎದ್ದು ಅವರ ಕಿವಿಯಲ್ಲಿ, "ಸಾರ್, ಅವರು ಬ್ರಿಟಿಷರ ಕಡೆಯಿಂದ ಹೋಗಿದ್ದು. ಎದುರಿಗಿದ್ದವರು ತುರ್ಕಿಯವರು" ಎಂದೆ.

"ಬಿಡ್ರಿ ಮೇಷ್ಟ್ರೇ, ಎಲ್ಲಾ ಫಾರಿನ್ನಿನೋರೇ" ಎಂದು ಮೆಲ್ಲಗೆ ಹೇಳಿ ಮುಂದುವರಿಸಿದರು.

ಆಮೇಲೆ ಅಜ್ಜಿಗೆ ಶಾಲು ಹೊದಿಸಿ ಮೈಕು ಕೊಟ್ಟರು. ಅವಳು ಪಾಪ, ಲದ್ದಿಯಿಂದ ಹಿಡಿದು ಒಂಟೆಯವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಜನ ನಕ್ಕರು. ಮುಖಂಡರು ಮೈಕು ಕಿತ್ತುಕೊಂಡು, "ಬ್ರಿಟಿಷರು ಒಂಟೆ ಛೂ ಬಿಟ್ಟರೂ ಜಗ್ಗದ ವೀರ!" ಎಂದು ಗರ್ಜಿಸಿದರು. ಚಪ್ಪಾಳೆ ಎಷ್ಟು ಹೊತ್ತಾದರೂ ನಿಲ್ಲಲಿಲ್ಲ. ನಾನೂ ತಟ್ಟಿದೆ. ವೇದಿಕೆ ಮೇಲೆ ಕೂತವನು ಇನ್ನೇನು ಮಾಡಲಿ?

ಮಾಡದಕೆರೆಯ ಬಸ್ ನಿಲ್ದಾಣಕ್ಕೆ ಸವಾರನ ಹೆಸರಿಡಬೇಕೆಂದು ಮಾತು ಎದ್ದಾಗ ಹತ್ತಿರದ ಬಾಗೂರಿನ ಕೆಲವರು ತಕರಾರು ತೆಗೆದರು. ಆ ಯೋಧ ನಿಜಕ್ಕೂ ನಮ್ಮೂರಿನವನು, ಅಲ್ಲ ಅನ್ನುವವರು ಪದಕದಲ್ಲಿ ಹೆಸರು ತೋರಿಸಲಿ ಎಂದರು. ಎರಡೂ ಊರಿನವರು ನನ್ನನ್ನು ಕರೆಸಿದರು. ಜೇಬಿನಲ್ಲಿ ಭೂತಗನ್ನಡಿ ಇಟ್ಟುಕೊಂಡೇ ಹೋಗಿದ್ದೆ. ನುಣ್ಣಗಿನ ಅಂಚನ್ನು ಅದರಲ್ಲಿ ನೋಡಿದರೆ ಇನ್ನೂ ನುಣ್ಣಗೆ ಕಂಡಿತು. ನಿಲ್ದಾಣಕ್ಕೆ ಕೊನೆಗೆ ಆ ಮುಖಂಡರ ತಂದೆಯ ಹೆಸರೇ ಬಂತು. ಯಾರೂ ತಕರಾರು ಮಾಡಲಿಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ, ಸಂಘದಿಂದ ನನಗೆ ವಾಪಸು ಬಂದಿದ್ದ ಪದಕವನ್ನು ಹಿಂದಿರುಗಿಸಲು ಅಜ್ಜಿಯ ಮನೆಗೆ ಹೋದೆ. ಅಂಚು ಅಳಿಸಿದ ಪದಕಕ್ಕೆ ನನ್ನಂಥವರಲ್ಲಿ ಬೆಲೆಯಿಲ್ಲ, ಸವಾರನ ಮಗಳ ಹತ್ತಿರವಾದರೂ ಇರಲಿ ಅನ್ನಿಸಿತ್ತು.

"ಬ್ಯಾಡಪ್ಪ. ಬಂಗಾರದ್ದು ಅಂತ ಊರಿಗೆಲ್ಲ ಗೊತ್ತಾಗೈತೆ. ಕಳ್ಳರು ಬರ್ತಾರೆ. ನೀವೇ ಇಟ್ಕಳ್ರಿ" ಎಂದಳು.

ಟೀ ಕೊಟ್ಟಳು. ಸ್ವಲ್ಪ ಹೊತ್ತಿಗೆ ಅವಳಿಗೆ ಏನೋ ನೆನಪಾಗಿ ನಗು ಬಂತು.

"ಮದ್ವೆ ದಿಬ್ಬಣದಾಗೆ ಕುದುರೆ ಬಂದ್ರೆ ನಮ್ಮಪ್ಪ ಎದ್ದು ನಿಂತು ಸಲಾಮು ಹೊಡೀತಿತ್ತು ಮೇಷ್ಟ್ರೇ. ಕುದುರೆಗೆ. ಮೇಲೆ ಕುಂತ ಮದುಮಗ ತನಗೇ ಅಂದ್ಕಂಡು ತಲೆ ಬಗ್ಗಿಸ್ತಿದ್ದ."