ಬೆರಳ ಸಂದಿನ ಗುರುತು

ಮೌಲಾ ಕಾಕಾ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಕಾಲನ್ನು. ಮುಖದ ಸರದಿ ಆಮೇಲೆ. ಕಾರು ರಿಪೇರಿಗೆ ಬಂದ ಗಿರಾಕಿಯಿರಲಿ, ಮಸೀದಿಯ ಹಿರಿಯರಿರಲಿ, ಅವರ ದೃಷ್ಟಿ ಪಾದದ ಮೇಲೆ ಒಂದು ಗಳಿಗೆ ನಿಂತು, ನಿಧಾನಕ್ಕೆ ಮೇಲೇರಿ, ಕೊನೆಗೆ ಕಣ್ಣಿಗೆ ಬಂದು ಸೇರುತ್ತಿತ್ತು. ಬ್ರೇಕು ಸವೆದ ಕಾರನ್ನು ಮಿಲ್ಪಿಟಾಸಿನ ಅವರ ಗ್ಯಾರೇಜಿಗೆ ನಾನು ಮೊದಲ ಸಲ ಒಯ್ದಾಗ ನನ್ನ ಕಾಲನ್ನೂ ಹೀಗೇ ನೋಡಿದರು. ನನಗೆ ಸಿಟ್ಟು ಬಂತು. ನಾನು ಫೋನಿನಲ್ಲಿ ಗಂಡನ ಜೊತೆ ಆಡಿದ ಕನ್ನಡ ಅವರ ಕಿವಿಗೆ ಬಿದ್ದಿತ್ತೆಂದು ಕಾಣುತ್ತದೆ.

"ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ ಐತಿ ನೋಡು ತಂಗಿ. ನಿಮ್ಮವ್ವಂದೂ ಹಿಂಗ ಇರಬೇಕಲ್ಲ?" ಎಂದರು.

"ಅವ್ವಂದಲ್ಲರಿ, ಅಜ್ಜೀದು."

"ಅವ್ವನ ಅವ್ವ?"

"ಹೌದರಿ."

"ಮತ್ತ! ತಾಯಿ ಕಡೀದು ಎಲ್ಲೂ ಹೋಗಾಂಗಿಲ್ಲ," ಎಂದು ಪಂದ್ಯ ಗೆದ್ದವರ ಹಾಗೆ ನಕ್ಕು ಕಾರಿನ ಕೆಳಗೆ ತೂರಿಕೊಂಡರು.

ಕಾಕಾ ಕುಷ್ಟಗಿಯವರು. ಪೂರ್ತಿ ಹೆಸರು ಮೌಲಾಸಾಬ್. ಈ ದೇಶಕ್ಕೆ ಬಂದು ಮೂವತ್ತು ವರ್ಷವಾಗಿದ್ದರೂ ಅವರ ಕನ್ನಡ ಕುಷ್ಟಗಿ ಬಸ್ ಸ್ಟ್ಯಾಂಡಿನಿಂದ ಒಂದು ಹೆಜ್ಜೆ ಆಚೆ ಇಟ್ಟಿರಲಿಲ್ಲ. ನಾನು ಹುಬ್ಬಳ್ಳಿಯವಳು, ಮಿಲ್ಪಿಟಾಸಿಗೆ ಅರ್ಧ ತಾಸು ದೂರದ ಡಬ್ಲಿನ್ ಎಂಬ ಊರಿನಲ್ಲಿ ಮನೆ. ಜನರ ಎಂಜಲು ತರಿಸಿಕೊಂಡು, ಅದರ ಡಿಎನ್‌ಎ ನೋಡಿ, ಅವರ ಅಜ್ಜ ಮುತ್ತಜ್ಜರನ್ನು ಹುಡುಕಿಕೊಡುವ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಬರೆಯುವುದು ನನ್ನ ಹೊಟ್ಟೆಪಾಡು. ಬಿಲ್ಲು ಕೊಡುವಾಗ ಇದನ್ನು ಹೇಳಿದೆ. ಕಾಕಾ ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟರು. "ನಂದೂ ಅದ ಚಟ ತಂಗಿ. ಶನಿವಾರ ಮಗಳನ್ನ ಕರಕೊಂಡು ಬಾ, ತೋರಸ್ತೀನಿ."

ಊರು ದಾಟಿ ಗುಡ್ಡ ಏರುವ ರಸ್ತೆಯ ಪಕ್ಕ ಅವರು ಒಂದಿಷ್ಟು ಜಾಗ ಲೀಸಿಗೆ ಹಿಡಿದಿದ್ದರು. ಗೇಟಿನ ಹತ್ತಿರ ಹೋಗುತ್ತಿದ್ದಂತೆ ಒಂದು ಹುಂಜ ತಲೆಯೆತ್ತಿ ನಮ್ಮನ್ನು ನೋಡಿತು. ಕೋಳಿಯೊಂದು ನನ್ನನ್ನು ಹೀಗೆ ಅಳೆದು ನೋಡಬಹುದೆಂದು ನಾನು ಎಣಿಸಿರಲಿಲ್ಲ. ಸೊಂಟದೆತ್ತರ ಬರುವ ಹಕ್ಕಿ. ತೊಗಲಿನ ಹಗ್ಗ ಹೊಸೆದ ಹಾಗಿದ್ದ ಕುತ್ತಿಗೆ, ಅಗಲ ಎದೆ, ಬಿಸಿಲು ಬಿದ್ದಲ್ಲೆಲ್ಲ ತಾಮ್ರ, ನೆರಳಿದ್ದಲ್ಲಿ ಕಡು ಹಸಿರು. ನನ್ನ ಮಗಳು ಅನ್ವಿ ಎರಡು ಹೆಜ್ಜೆ ಹಿಂದೆ ಸರಿದು, "ಅಮ್ಮಾ, ಇಟ್ಸ್ ಎ ಡೈನೋಸಾರ್," ಎಂದಳು. ಕಾಕಾನಿಗೆ ಖುಷಿಯೋ ಖುಷಿ. "ಕರೆಕ್ಟ್ ಹೇಳಿದಳು ನೋಡು ಕೂಸು!"

ಅವು ಪೆರು ದೇಶದ ಕಾಳಗದ ಕೋಳಿಗಳು. ಹಡಗಿನಲ್ಲಿ ಸ್ಪೇನಿನವರು ಒಯ್ದ ಹುಂಜಗಳಿಗೆ ಪೂರ್ವ ದೇಶಗಳ ದೊಡ್ಡ ಕೋಳಿಗಳನ್ನು ಕೂಡಿಸಿ, ತಲೆಮಾರುಗಟ್ಟಲೆ ಆರಿಸಿ ಆರಿಸಿ ಎಬ್ಬಿಸಿದ ತಳಿ. "ನಮ್ಮ ಕಡೀ ಅಸೀಲ್ ಕೋಳಿ ರಕ್ತಾನೂ ಐತಿ ಇದರಾಗ. ನಾನೂ ಇದೂ ಬ್ಯಾರೆ ಬ್ಯಾರೆ ದಾರಿ ಹಿಡದು ಇಲ್ಲಿ ಬಂದು ಭೇಟಿ ಆಗೇವಿ," ಎನ್ನುತ್ತಿದ್ದರು. ಕಾಳಗದ ಮಾತೆತ್ತಿದರೆ ಮಾತ್ರ ಅವರ ಮುಖ ಬಿಗಿಯುತ್ತಿತ್ತು. ಕಾನೂನು ಬೇಡವೆನ್ನುತ್ತದೆ ಎನ್ನುವುದು ಅವರಿಗೆ ಎರಡನೆಯ ಕಾರಣ. ಒಮ್ಮೆ ಪಿಕಪ್ ಟ್ರಕ್ಕಿನಲ್ಲಿ ಒಬ್ಬ ಬಂದ. ಹುಂಜವನ್ನು ಎತ್ತಿಕೊಂಡು ಅದರ ಕಾಲಿನ ಮುಳ್ಳಿನ ಬುಡವನ್ನು ಹೆಬ್ಬೆರಳಿನಿಂದ ಸವರಿದ. ಕಾಳಗಕ್ಕೆ ಕತ್ತಿ ಕಟ್ಟುವುದು ಅಲ್ಲಿಗೇ. ಕಾಕಾ ಅವನಿಗೆ ಚಹಾ ಕುಡಿಸಿ, ಹವಾಮಾನದ ಮಾತಾಡಿ, "ಕ್ಷಮಸಪಾ, ಇದರದು ಮದುವಿ ನಿಕ್ಕಿ ಆಗೇತಿ" ಎನ್ನುವುದನ್ನು ತಮ್ಮ ಗ್ಯಾರೇಜು ಸ್ಪ್ಯಾನಿಷಿನಲ್ಲಿ ಹೇಳಿ ಕಳಿಸಿಬಿಟ್ಟರು. ಅವನು ಗೇಟು ದಾಟಿದ ಮೇಲೆ ಹುಂಜದ ಕಾಲನ್ನು ನೀರಿನಿಂದ ತೊಳೆದರು.

ಅವರ ಹತ್ತಿರ ಮೂರು ತಳಿಗಳಿದ್ದವು. ಜೀವವಿದ್ದುದು ಒಂದರ ಮೇಲೆ. ಅದನ್ನು ಕೊಟ್ಟವರು ಪೆರು ದೇಶದ ಎರ್ನೆಸ್ಟೊ ಎಂಬ ಹಿರಿಯರು, ಕಾಕಾ ಇಲ್ಲಿಗೆ ಬಂದ ಹೊಸದರಲ್ಲಿ ಅದೇ ಗ್ಯಾರೇಜಿನಲ್ಲಿ ಕೆಲಸ ಕಲಿಸಿದವರು. ಕಾಕಾ ಅವರನ್ನು 'ಡಾನ್ ಎರ್ನೆಸ್ಟೊ' ಎನ್ನುವಾಗ ಅನ್ವಿಯ ಅಪ್ಪನಿಗೆ ಸಿನಿಮಾ ಖಳನಾಯಕ ನೆನಪಾಗುತ್ತಿದ್ದ. ಸ್ಪ್ಯಾನಿಷಿನಲ್ಲಿ ಅದು ನಮ್ಮ 'ಯಜಮಾನರು' ಇದ್ದ ಹಾಗೆ. ಎರ್ನೆಸ್ಟೊ ಒಂದು ಹುಂಜ, ಎರಡು ಹೇಂಟೆ ಕೈಗಿಟ್ಟು ಎರಡೇ ಮಾತು ಹೇಳಿದ್ದರಂತೆ: ಬೇರೆ ರಕ್ತ ಬೆರೆಸಬೇಡ, ನನ್ನವರು ಕೇಳಿದ ದಿನ ತಿರುಗಿ ಕೊಡು. ಎರ್ನೆಸ್ಟೊ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಕೇಳಲು ಯಾರೂ ಬಂದಿರಲಿಲ್ಲ. ಆದರೂ ಕಾಕಾ ಆ ಮಾತಿಗೆ ಕಾವಲು ಕೂತಿದ್ದರು.

ಕಾವಲಿನ ರೀತಿ ಹೀಗೆ. ಮೊಟ್ಟೆ ಇಟ್ಟ ಕೂಡಲೇ ಅದರ ಮೇಲೆ ತಾಯಿಯ ಗುರುತನ್ನು ಪೆನ್ಸಿಲಿನಿಂದ ಬರೆಯುವುದು. ಕಾವಿನ ಪೆಟ್ಟಿಗೆಯಲ್ಲಿ ಒಬ್ಬೊಬ್ಬ ತಾಯಿಗೆ ಒಂದೊಂದು ಜಾಲರಿ ಖಾನೆ. ಮರಿ ಒಡೆದು ಮೈ ಆರಿದ ಮೇಲೆ, ಖಾನೆಯಿಂದ ಹೊರತೆಗೆಯುವ ಮುಂಚೆಯೇ, ಕಾಲ್ಬೆರಳ ಸಂದಿನ ತೆಳು ಚರ್ಮದಲ್ಲಿ ಸಣ್ಣದೊಂದು ತೂತು. ಒಂದು ಕಾಲಿಗೆ ಎರಡು ಸಂದು, ಎರಡು ಕಾಲಿಗೆ ನಾಲ್ಕು. ಯಾವ ಸಂದಿನಲ್ಲಿ ತೂತಿದೆ, ಯಾವುದರಲ್ಲಿಲ್ಲ ಎನ್ನುವುದರ ಮೇಲೆ ಹದಿನೈದು ತಾಯಂದಿರ ಗುರುತು. ಕಂಪ್ಯೂಟರಿನ ನಾಲ್ಕು ಬಿಟ್ಟಿನ ಲೆಕ್ಕ! ನಾವು ಕಟ್ಟಡದ ತುಂಬ ಮಷೀನು ಇಟ್ಟುಕೊಂಡು ಮಾಡುವುದನ್ನು ಈ ಮನುಷ್ಯ ಉಗುರಿನಷ್ಟಗಲದ ಚರ್ಮದಲ್ಲಿ ಬರೆಯುತ್ತಿದ್ದರು. ಬರೆದದ್ದಷ್ಟೇ ಅಲ್ಲ. ಯಾವುದಾದರೂ ಕೋಳಿಯ ಕಾಲು ಹಿಡಿದು ಬೆರಳು ಅಗಲಿಸಿ ಅವರ ಮುಂದೆ ಹಿಡಿದರೆ ಸಾಕು, ತಾಯಿ, ತಾಯಿಯ ತಾಯಿ, ಆಕೆ ಯಾವ ಮಳೆಗಾಲದಲ್ಲಿ ಹುಟ್ಟಿದಳು, ಅವಳ ಅಣ್ಣನನ್ನು ನರಿ ಹೇಗೆ ಒಯ್ದಿತು, ಹೀಗೆ ಏಳು ತಲೆ ಹಿಂದಕ್ಕೆ ಹೋಗುತ್ತಿದ್ದರು. ನಾನು ಗುಟ್ಟಾಗಿ ಬರೆದಿಟ್ಟುಕೊಂಡು ತಿಂಗಳು ಬಿಟ್ಟು ಮತ್ತೆ ಕೇಳಿದ್ದೇನೆ. ಒಂದು ಹೆಸರೂ ಹಿಂದೆಮುಂದೆ ಆಗಿರಲಿಲ್ಲ.

"ಹುಂಜ ಬಣ್ಣ ಕೊಡ್ತೈತಿ, ಹ್ಯಾಟಿ ಗುಣ ಕೊಡ್ತೈತಿ," ಎನ್ನುವುದು ಅವರ ಮಾತು. "ಮಂದಿ ಬಣ್ಣ ನೋಡಿ ಮಳ್ಳ ಆಗ್ತಾರ."

ಇಂಥವರ ಹತ್ತಿರ ನಾನು ಸುಳ್ಳು ಹೇಳಿದೆ.

ಅದೊಂದು ಶುಕ್ರವಾರ. ಕಾಕಾ ಜುಮ್ಮಾ ನಮಾಜಿಗೆ ಹೋಗಬೇಕಿತ್ತು, ಮರಿ ಒಡೆಯುವ ದಿನವೂ ಅದೇ. ನಾನು ರಜೆ ಹಾಕಿ ಕಾವಲಿಗೆ ಬಂದಿದ್ದೆ. ಗಾಳಿಮಳೆಗೆ ಮಧ್ಯಾಹ್ನ ಕರೆಂಟು ಹೋಯಿತು. ಅರ್ಧ ತಾಸು ಕಾದೆ, ಪೆಟ್ಟಿಗೆ ತಣ್ಣಗಾಗತೊಡಗಿತು. ಎರಡು ಖಾನೆಗಳ ಮರಿಗಳನ್ನು ಎರಡು ರಟ್ಟಿನ ಡಬ್ಬಿಗಳಲ್ಲಿಟ್ಟು, ಕಾರಿನ ಹೀಟರು ಹಾಕಿ, ಸೀಟಿನ ಮೇಲೆ ಇಟ್ಟುಕೊಂಡು ಕೂತೆ. ಒಂದು ಡಬ್ಬಿಯಲ್ಲಿ ಎರ್ನೆಸ್ಟೊ ತಳಿಯ ಹೇಂಟೆ 'ಬೇಗಂ'ಳ ಮರಿಗಳು, ಇನ್ನೊಂದರಲ್ಲಿ ಬೇರೆ ತಳಿಯವು. ನೀರು ತರಲು ಬಾಗಿಲು ತೆಗೆದಾಗ ಮೊಣಕೈ ತಾಗಿ ಎರಡೂ ಡಬ್ಬಿ ಉರುಳಿದವು. ಹೆಚ್ಚಿನವು ತಮ್ಮ ತಮ್ಮ ಡಬ್ಬಿಯಲ್ಲೇ ಉಳಿದವು. ನಾಲ್ಕು ಮರಿ ಮಾತ್ರ ಸೀಟಿನ ಸಂದಿಗೆ ಹೋಗಿ ಒಂದರ ಮೇಲೊಂದು ಬಿದ್ದಿದ್ದವು. ಎಲ್ಲವೂ ಹಳದಿ, ಎಲ್ಲವೂ ಚಿಂವ್ ಚಿಂವ್. ನಾನು ಅಂದಾಜಿನ ಮೇಲೆ ಎರಡು ಇತ್ತ, ಎರಡು ಅತ್ತ ಇಟ್ಟೆ.

ಕಾಕಾ ತೊಯ್ದುಕೊಂಡು ಓಡಿಬಂದರು. ಮರಿಗಳೆಲ್ಲ ಜೀವಂತವಿರುವುದನ್ನು ಕಂಡು ಅವರ ಕಣ್ಣು ತುಂಬಿತು. "ಅದಲಿಬದಲಿ ಆಗಿಲ್ಲಲ್ಲ ತಂಗಿ?"

"ಇಲ್ಲ ಕಾಕಾ."

ಅಷ್ಟೇ. ಅವರು ನನ್ನ ತಲೆ ಮುಟ್ಟಿ ಹರಸಿ, ಒಂದೊಂದೇ ಮರಿಯ ಕಾಲು ಹಿಡಿದು ಗುರುತು ಹಾಕಿದರು. ನಾನು ಪಕ್ಕದಲ್ಲಿ ನಿಂತು ಬೆಳಕು ಹಿಡಿದೆ. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆಗಳು ಎರಡು ವರ್ಷವಾದವು.

ಆ ಮರಿಗಳಲ್ಲಿ ಒಂದು, ಬೇಗಂಳ ಗುರುತಿನದು, ಬೆಳೆದು ಸುಲ್ತಾನನಾಯಿತು. ಅಂಥ ಹುಂಜವನ್ನು ಆ ಗುಡ್ಡ ಕಂಡಿರಲಿಲ್ಲ. ಕೋಳಿ ಪ್ರದರ್ಶನದಲ್ಲಿ ಜನ ಅದರ ಪಂಜರದ ಮುಂದೆ ಮಾತು ನಿಲ್ಲಿಸುತ್ತಿದ್ದರು. ಕಾಕಾ ಅದರ ಎದುರಿಗೆ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತಿರುತ್ತಿದ್ದರು. "ಡಾನ್ ಎರ್ನೆಸ್ಟೊ ಇರಬೇಕಾಗಿತ್ತು," ಎನ್ನುತ್ತಿದ್ದರು. ಆಗೆಲ್ಲ ನಾನು ಕೋಳಿಗಳಿಗೆ ನೀರು ತುಂಬುವ ನೆವದಲ್ಲಿ ಆಚೆ ಹೋಗುತ್ತಿದ್ದೆ.

ಹೀಗಿರುವಾಗ ಎರ್ನೆಸ್ಟೊ ಮಗಳು ಲೂಸಿಯಾಳ ಫೋನು ಬಂತು. ದಕ್ಷಿಣಕ್ಕೆ ಒಂದೂವರೆ ತಾಸಿನ ದಾರಿಯಲ್ಲಿ ಅವಳ ಗೂಡುಗಳಿದ್ದವು. ಹಕ್ಕಿ ಜ್ವರ ಬಂದು ಅಪ್ಪನ ಕೋಳಿಗಳಲ್ಲಿ ಒಂದೂ ಉಳಿದಿರಲಿಲ್ಲ. ಗೂಡು ತೊಳೆದು, ತಿಂಗಳುಗಟ್ಟಲೆ ಖಾಲಿ ಬಿಟ್ಟು, ಈಗ ಮತ್ತೆ ಕೋಳಿ ಸಾಕಲು ಅನುಮತಿ ಸಿಕ್ಕಿದೆ. ಆ ರಕ್ತ ನಿಮ್ಮಲ್ಲಿ ಇನ್ನೂ ಇದೆಯೇ ಎಂದು ಕೇಳಿದಳು. ಕಾಕಾ, "ಬಾರವ್ವಾ, ನಿಮ್ಮ ಮನೀದು ನಿಮಗ," ಎನ್ನುವುದನ್ನು ಸ್ಪ್ಯಾನಿಷಿನಲ್ಲಿ ಹೇಳಿದರು. ಒಂದು ಹುಂಜ, ಎರಡು ಹೇಂಟೆ. ಕೊಟ್ಟಷ್ಟೇ ತಿರುಗಿ ಕೊಡುವುದು. ಹುಂಜ ಸುಲ್ತಾನನೇ ಎಂದು ನಿಶ್ಚಯವಾಗಿತ್ತು.

ಅವಳು ಬರುವ ಶನಿವಾರ ಬೆಳಿಗ್ಗೆ ನಾನು ಹೋದಾಗ ಕಾಕಾ ಸ್ಟೂಲಿನ ಮೇಲೆ ಕೂತು ತಮ್ಮ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದರು.

"ಇದು ಬೇಗಂ ಮಗ ಅಲ್ಲ ತಂಗಿ," ಎಂದರು.

ನಾನು ಸುಲ್ತಾನನ ಪಂಜರದ ಕಡೆ ನೋಡಿದೆ.

"ನಿನ್ನೆ ಮರಿ ಒಯ್ಯೂ ಡೇಗಿ ಹಕ್ಕಿ ಬಂದು ಮ್ಯಾಲ ಸುತ್ತು ಹಾಕ್ತು. ಇಂವ ಕೂಗಿದ. ಬೇಗಂ ಕಡೀವು ಕೂಗಾಂಗಿಲ್ಲ. ಡೇಗಿ ಬಂದ್ರ ಬಾಯಿ ಮುಚ್ಚಿ, ಮರಿಗೋಳ ಮುಂದ ಹೋಗಿ ನಿಂತು ಬಿಡ್ತಾವ. ಆಕಿ ಅವ್ವ, ಆಕಿ ಮುತ್ತವ್ವ, ಎಲ್ಲಾ ಹಂಗ. ಇಂವ ದೊಡ್ಡ ಬಾಯಿ ಮಾಡಿ ಕೂಗಿದ." ಕಣ್ಣುಜ್ಜಿಕೊಂಡು, "ಗುರುತು ಹಾಕುವಾಗ ನನ್ನ ಕೈ ತಪ್ಪೇತಿ. ಕಣ್ಣು ಮಂಜಾಗ್ಯಾವ. ಇನ್ನ ಎಲ್ಲಾ ಕೋಳಿ ಯಾರಿಗರೆ ಕೊಟ್ಟು ಗೇಟು ಹಾಕಿಬಿಡ್ತೀನಿ. ಗುರುತು ತಪ್ಪಿದ ಮ್ಯಾಲ ಇಟ್ಕೊಂಡು ಏನ್ ಮಾಡೂದು?"

ಎರಡು ವರ್ಷ ನುಂಗಿಕೊಂಡದ್ದನ್ನು ಆಗ ಹೇಳಿದೆ. ಡಬ್ಬಿ, ಮೊಣಕೈ, ಸೀಟಿನ ಸಂದು, ನಾಲ್ಕು ಮರಿ, ನನ್ನ 'ಇಲ್ಲ'. ಹೇಳುವಾಗ ಅತ್ತೆ. ಕಾಕಾ ಅಂಗೈಯನ್ನೇ ನೋಡುತ್ತಿದ್ದರು.

"ಹಂಗಾರ ನನ್ನ ಕೈ ತಪ್ಪಿಲ್ಲ?"

"ಇಲ್ಲ ಕಾಕಾ. ತಪ್ಪು ನಂದು."

ಅವರು ದೊಡ್ಡದಾಗಿ ಉಸಿರು ಬಿಟ್ಟರು. ಮುಖದಲ್ಲಿ ನಗು ಬಂದಂತಾಯಿತು, ಆಮೇಲೆ ಹೋಯಿತು. "ಮರಿ ಅದಲಿಬದಲಿ ಆಗ್ತಾವ ತಂಗಿ. ನನ್ನ ಕೈಯಾಗೂ ಆಗ್ಯಾವ. ಗೊತ್ತಿಲ್ಲ ಅಂದಿದ್ರ ಗುರುತು ಹಾಕದ ಬಿಡ್ತಿದ್ದೆ. ಅಷ್ಟ ಇತ್ತು." ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

ನಾನು ಡಿ‌ಎನ್‌ಎ ಟೆಸ್ಟು ಮಾಡಿಸೋಣ, ಲೂಸಿಯಾಗೆ ಎರಡು ವಾರ ಕಾಯಲು ಹೇಳೋಣ ಎಂದೆ. "ಡೇಗಿ ಟೆಸ್ಟು ಮಾಡೇತಿ," ಎಂದು ಎದ್ದರು. (ಆಮೇಲೆ ನನ್ನ ಸಮಾಧಾನಕ್ಕೆ ಸುಲ್ತಾನನ ಮತ್ತು ಬೇಗಂಳ ಗರಿಗಳನ್ನು ಲ್ಯಾಬಿಗೆ ಕಳಿಸಿದೆ. ಅವು ತಾಯಿಮಗ ಆಗಿರಲಿಲ್ಲ.)

ಆ ಶುಕ್ರವಾರದ ಮರಿಗಳೂ ಆಮೇಲೆ ಹುಟ್ಟಿದವೂ ಈಗ ಸಂಶಯದವು; ಗುರುತು ಗಟ್ಟಿಯಿದ್ದ ಆ ತಳಿಯ ಹುಂಜ ಉಳಿದಿದ್ದುದು ಒಂದೇ. ಬೇಗಂಳ ಅಣ್ಣ, ವಯಸ್ಸಾದದ್ದು, ಒಂದು ಕಣ್ಣು ಹೋದದ್ದು, ಬಾಲ ಒಂದು ಪಕ್ಕಕ್ಕೆ ವಾಲಿದ್ದು. ಕಾಕಾ ಅದನ್ನು ಎತ್ತಿ ಬುಟ್ಟಿಗೆ ಹಾಕಿದರು. ಬೇಗಂಳನ್ನೂ ಅವಳ ತಂಗಿಯನ್ನೂ ಹಾಕಿದರು. ಅಲ್ಲಿಗೆ ಅವರ ಹತ್ತಿರ ನಂಬಬಹುದಾದ ಎರ್ನೆಸ್ಟೊ ರಕ್ತ ಮುಗಿಯಿತು.

"ಒಂದು ಹ್ಯಾಟಿನಾದ್ರೂ ಇಟ್ಟುಕೊಳ್ರಿ ಕಾಕಾ."

"ಹುಂಜ ಇಲ್ಲದ ಮನಿಯಾಗ ಆಕಿ ಒಬ್ಬಾಕಿ ಏನ್ ಮಾಡ್ತಾಳ?"

ಲೂಸಿಯಾ ಬಂದವಳೇ ಸುಲ್ತಾನನನ್ನು ನೋಡಿ ನಿಂತುಬಿಟ್ಟಳು. ಪ್ರದರ್ಶನದ ಫೋಟೋಗಳಲ್ಲಿ ಅದನ್ನು ನೋಡಿದ್ದಳು. ಅದೇ ಸಿಗುತ್ತದೆಂದು ಬಂದಿದ್ದಳು. ಕಾಕಾ ಅವಳ ಕೈಗೆ ಕುರುಡುಗಣ್ಣಿನ ಮುದಿ ಹುಂಜವನ್ನು ಕೊಟ್ಟು ತಮ್ಮ ಮುರುಕು ಸ್ಪ್ಯಾನಿಷಿನಲ್ಲಿ ನಿಧಾನವಾಗಿ ಹೇಳಿದರು: ಆ ಚೆಲುವ ನಿಮ್ಮವನಲ್ಲ, ಈ ಮುದುಕ ನಿಮ್ಮವನು. ಗುರುತು ಹಾಕುವಾಗ ನಮ್ಮ ಮನೆಯಲ್ಲಿ ತಪ್ಪಾಯಿತು, ಕ್ಷಮಿಸಿ. ಯಾರ ತಪ್ಪು ಎಂದು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. 'ನಮ್ಮ ಮನೆ' ಎಂದರು.

ಲೂಸಿಯಾ ಹುಂಜದ ಬೆರಳು ಅಗಲಿಸಿ ಗುರುತು ನೋಡಿದಳು. ನೋಡುತ್ತಾ ನೋಡುತ್ತಾ ಅದನ್ನು ಎದೆಗೆ ಒತ್ತಿಕೊಂಡಳು. ಅವಳ ಅಪ್ಪನೂ ಹಾಕುತ್ತಿದ್ದುದು ಅದೇ ಬಗೆಯ ಗುರುತು.

ಮರುವರ್ಷದ ರಮ್ಜಾನಿಗೆ ಮುಂಚೆ ಕಾಕಾ ತೀರಿಕೊಂಡರು. ಆ ಜಾಗದಲ್ಲಿ ಈಗ ಯಾರೋ ಕುದುರೆ ಕಟ್ಟಿದ್ದಾರೆ. ಮುದಿ ಹುಂಜ ಲೂಸಿಯಾಳಲ್ಲಿ ಎರಡು ಹಂಗಾಮು ಬಾಳಿತು. ಅದರ ಮಕ್ಕಳು ಡೇಗೆ ಬಂದರೆ ಕೂಗುವುದಿಲ್ಲವಂತೆ. ಕಾಕಾನನ್ನು ನೆನೆದಾಗ ನನ್ನ ಕಣ್ಣಿಗೆ ಕಟ್ಟುವುದು ಆ ಶನಿವಾರ ಲೂಸಿಯಾಳ ಟ್ರಕ್ಕು ಇಳಿಜಾರಿನಲ್ಲಿ ಮರೆಯಾದ ಮೇಲಿನ ಗಳಿಗೆ. ನಾನು ಇನ್ನು ಇಲ್ಲಿಗೆ ಬರುವ ಮುಖವಿಲ್ಲವೆಂದುಕೊಂಡು ಕಾರಿನ ಕೀಲಿ ಕೈಯಲ್ಲಿ ಹಿಡಿದು ನಿಂತಿದ್ದೆ. ಕಾಕಾ ಖಾಲಿ ಗೂಡಿನ ಬಾಗಿಲು ಹಾಕಿ, ಚಿಲಕ ಸಿಕ್ಕಿಸಿ, ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಬರೂ ಶುಕ್ರವಾರ ಉಳಿದ ತಳಿಗೋಳ ತತ್ತಿ ಒಡೀತಾವ. ನಾ ನಮಾಜಿಗೆ ಹೋಗಬೇಕು," ಎಂದರು. "ನೀ ಬಂದು ಕುಂದರ್ತಿ ಅಲ್ಲ?"