ಜೋಡುನಳಿಗೆಯ ವಾರಸುದಾರ

ನಿವೃತ್ತನಾದ ಮೇಲೆ ನನಗೊಂದು ವಿಚಿತ್ರ ಚಟ ಅಂಟಿಕೊಂಡಿದೆ. ನನ್ನ ಓರಗೆಯವರು ಬೆಳಿಗ್ಗೆ ವಾಕಿಂಗ್ ಹೋಗುತ್ತಾರೆ, ಸಕ್ಕರೆ ಕಾಯಿಲೆಯ ಮಾತಾಡುತ್ತಾರೆ. ನಾನು ಬಾಗಲಕೋಟೆಯ ವಿದ್ಯಾಗಿರಿಯ ಮನೆಯಲ್ಲಿ ಚಹಾ ಹಿಡಿದು ಕುಳಿತು ಮೊಬೈಲಿನಲ್ಲಿ ಹಳೆಯ ಸಬ್‌ಮಷಿನ್ ಗನ್ನುಗಳ ವಿಡಿಯೋ ನೋಡುತ್ತೇನೆ. ಎಲ್ಲೋ ಅಮೆರಿಕದ ಒಬ್ಬ ಮುದುಕ, ಮಹಾಯುದ್ಧದ ಕಾಲದ ಗನ್ನೊಂದನ್ನು ಮೇಜಿನ ಮೇಲೆ ಬಿಚ್ಚಿ, ಸ್ಪ್ರಿಂಗ್ ತೆಗೆದು, ಎಣ್ಣೆ ಸವರಿ, ಮತ್ತೆ ಜೋಡಿಸುತ್ತಾನೆ. ಕೂಸಿಗೆ ಎರೆಯುವ ಅಜ್ಜಿಯ ಶ್ರದ್ಧೆ ಅವನದು. ಅದನ್ನು ಇನ್ನೊಬ್ಬರಿಗೆ ಕೊಡಬೇಕಾದರೆ ಬೆರಳಚ್ಚು, ಫೋಟೋ, ಸರಕಾರದ ಒಪ್ಪಿಗೆ, ತಿಂಗಳುಗಟ್ಟಲೆ ಕಾಯುವುದು, ಎಲ್ಲವನ್ನೂ ವಿವರಿಸುತ್ತಾನೆ. ನಿಜ ಹೇಳಬೇಕೆಂದರೆ ನನಗೆ ಆ ಕಾಗದಪತ್ರದ ಭಾಗವೇ ಹೆಚ್ಚು ರುಚಿಸುತ್ತದೆ. ಜೀವನವಿಡೀ ಕಾಲೇಜಿನಲ್ಲಿ ಇತಿಹಾಸ ಹೇಳಿದವನಿಗೆ ಆಯುಧಕ್ಕಿಂತ ದಾಖಲೆಯೇ ಪ್ರಿಯ.

ನಮ್ಮ ದೇಶದಲ್ಲಿ ಅಂಥ ಗನ್ನು ನಮ್ಮನಿಮ್ಮಂಥವರ ಕೈಗೆ ಸಿಗುವುದಿಲ್ಲ, ಸಿಗದಿರುವುದೇ ಒಳ್ಳೆಯದು. ಆದರೆ ನಮ್ಮ ಮನೆಯಲ್ಲಿ ಒಂದು ಜೋಡುನಳಿಗೆ ಬಂದೂಕಿತ್ತು. ಹುನಗುಂದದ ಬಳಿ ರಾಮಥಾಳದಲ್ಲಿರುವ ನಮ್ಮ ಹೊಲಕ್ಕೆ ಹಂದಿ ನುಗ್ಗುತ್ತವೆಂದು ಅಪ್ಪ ಬೆಳೆ ರಕ್ಷಣೆಯ ಲೈಸೆನ್ಸ್ ಮಾಡಿಸಿ ಕೊಂಡದ್ದು. ಅಪ್ಪ ದಿನವೂ ಲಿಂಗಪೂಜೆ ಮಾಡುವವರು, ಇರುವೆ ಸಾಲು ಕಂಡರೆ ದಾಟಿ ನಡೆಯುವವರು. ಅವರು ಹಾರಿಸಿದ ಗುಂಡೆಲ್ಲ ಆಕಾಶಕ್ಕೇ. ಹಂದಿಗಳಿಗೂ ಇದು ತಿಳಿದಿತ್ತೆಂದು ಕಾಣುತ್ತದೆ. ಸದ್ದಾದಾಗ ಅಪ್ಪನ ಮರ್ಯಾದೆಗೆಂದು ತುಸು ಸರಿದು ನಿಂತು, ಮತ್ತೆ ಬರುತ್ತಿದ್ದವು. ಚುನಾವಣೆ ಬಂದಾಗಲೆಲ್ಲ ಬಂದೂಕನ್ನು ಹುನಗುಂದದ ಠಾಣೆಗೆ ಒಪ್ಪಿಸಿ ರಸೀದಿ ತರಬೇಕಿತ್ತು. ಅಪ್ಪ ಅದನ್ನು ಕೌದಿಯಲ್ಲಿ ಸುತ್ತಿ ಒಯ್ಯುತ್ತಿದ್ದರು. ಅದು ತಿರುಗಿ ಬರುವವರೆಗೂ ಅವರಿಗೆ ಊಟ ಸೇರುತ್ತಿರಲಿಲ್ಲ.

ಬಾದಾಮಿಗೆ ವಿದ್ಯಾರ್ಥಿಗಳನ್ನು ಕರೆದೊಯ್ದಾಗ ಗುಹೆಯ ಮುಂದೆ ನಿಂತು ನಾನು ಹೇಳುತ್ತಿದ್ದ ಮಾತೊಂದಿದೆ: ದೇವರ ಕೈತುಂಬ ಆಯುಧ, ಆದರೂ ಮುಖದಲ್ಲಿ ನಗು ನೋಡಿ, ಯಾಕೆಂದರೆ ಹಿಡಿಯುವುದು ಹೇಗೆಂದು ಅವನಿಗೆ ಗೊತ್ತು. ಹುಡುಗರು ಬರೆದುಕೊಳ್ಳುತ್ತಿದ್ದರು. ಹೇಳುವವನಿಗೆ ಗೊತ್ತೇ ಎಂದು ಯಾರೂ ಕೇಳಲಿಲ್ಲ, ಪುಣ್ಯಾತ್ಮರು.

ಪ್ರತಿವರ್ಷ ಖಂಡೇನವಮಿಯ ಆಯುಧಪೂಜೆಗೆ ಅಪ್ಪ ಬಂದೂಕು ಬಿಚ್ಚುತ್ತಿದ್ದರು. ಅಕ್ಕ ಶರಣಮ್ಮ ಹಳೆಯ ಇಳಕಲ್ ಸೀರೆಯ ಚೂರನ್ನು ಸಲಾಕೆಗೆ ಸುತ್ತಿ, ಹೊಲಿಗೆ ಮಷಿನ್ನಿನ ಎಣ್ಣೆ ಹನಿಸಿ ನಳಿಗೆ ಉಜ್ಜುತ್ತಿದ್ದಳು. ನಾನು ವಿಭೂತಿಯ ತಟ್ಟೆ ಹಿಡಿದು ದೂರದ ಕಂಬದ ಹಿಂದೆ ನಿಲ್ಲುತ್ತಿದ್ದೆ. ಮುಂದೆ ಅಕ್ಕನನ್ನು ಹುನಗುಂದಕ್ಕೇ ಕೊಟ್ಟರು; ಖಂಡೇನವಮಿಗೆ ಅವಳು ತವರಿಗೆ ಬರುವುದು ಮಾತ್ರ ತಪ್ಪಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಬಂದೂಕು ಠಾಣೆ ಸೇರಿತು. ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಲೈಸೆನ್ಸ್ ಮಾಡಿಸದಿದ್ದರೆ ಅದು ಮನೆಗೆ ಮರಳುವುದಿಲ್ಲ. ವಾರಸುದಾರರು ಇಬ್ಬರೇ, ಅಕ್ಕ ಮತ್ತು ನಾನು. ರಾಮಥಾಳದ ಹೊಲ ಮಾಡಿಸುವವಳು ಅಕ್ಕ. ಆದರೂ ಗಂಡುಮಗ ನಾನಿರುವಾಗ ಬಂದೂಕು ನನ್ನದೇ ಎಂದು ಯಾರನ್ನೂ ಕೇಳದೆ ಅರ್ಜಿ ಹಾಕಿಬಿಟ್ಟೆ. ಅಕ್ಕನಿಂದ ಬೇಕಾಗಿದ್ದದ್ದು ತನ್ನ ತಕರಾರಿಲ್ಲ ಎಂಬ ಪತ್ರವೊಂದೇ. ಫೋನಿನಲ್ಲಿ ಹೇಳಿದಾಗ, ಬಂದೂಕನ್ನು ಒಮ್ಮೆ ನೋಡಿದಂತಾಗುತ್ತದೆ, ಠಾಣೆಗೇ ಬಂದು ಸಹಿ ಮಾಡುತ್ತೇನೆ ಅಂದಳು. ಆ ನೋಡುವ ಆಸೆಯನ್ನು ನಾನು ಅಪ್ಪನ ನೆನಪಿನ ತಲೆಗೆ ಕಟ್ಟಿದೆ.

ಪರಿಶೀಲನೆಯ ದಿನ ಠಾಣೆಯ ಸಾಹೇಬರ ಮುಂದೆ ನನ್ನ ಪಾಂಡಿತ್ಯ ಉಕ್ಕಿ ಹರಿಯಿತು. ಬಂದೂಕು ಎಂಬ ಮಾತು ಅರಬ್ಬಿಯದು, ಅಲ್ಲಿ ಮೊದಲು ಅದೊಂದು ಕಾಯಿಯ ಹೆಸರಾಗಿತ್ತು ಎಂಬಲ್ಲಿಂದ ಹಿಡಿದು ಅಮೆರಿಕದ ಮುದುಕನವರೆಗೆ ಬಂದೆ. ಸಾಹೇಬರು ತಾಳ್ಮೆಯಿಂದ ಕೇಳಿದರು.

“ಭಾಳ ತಿಳಕೊಂಡೀರಿ ಸರ್. ಈಗ ಇದನ್ನ ತಗದು, ಖಾಲಿ ಅದನೋ ಇಲ್ಲೋ ತೋರಸ್ರಿ.”

ನೂರು ಗನ್ನು ಬಿಚ್ಚುವುದನ್ನು ನೋಡಿದ್ದ ನನಗೆ ನಮ್ಮ ಮನೆಯ ಬಂದೂಕು ಎಲ್ಲಿ ಬಿಚ್ಚುತ್ತದೆಂದು ತಿಳಿಯಲಿಲ್ಲ. ಅತ್ತ ಒತ್ತಿದೆ, ಇತ್ತ ಎಳೆದೆ, ಮೊಣಕಾಲಿಗೂ ಆನಿಸಿದೆ. ನಳಿಗೆಯ ಬಾಯಿ ಗೋಡೆಯ ಗಡಿಯಾರ, ಕಪಾಟು ಎಲ್ಲ ಸುತ್ತಿ ಸಾಹೇಬರ ಚಹಾದ ಕಪ್ಪಿನ ಬಳಿ ಬಂತು. ಸಾಹೇಬರು ಕುರ್ಚಿ ಸರಿಸಿಕೊಂಡರು. ಅಷ್ಟರಲ್ಲಿ ಸಹಿಗೆಂದು ಬಂದ ಅಕ್ಕ ನನ್ನ ಕೈಯಿಂದ ಬಂದೂಕು ತೆಗೆದುಕೊಂಡಳು. ಬಾಯಿ ನೆಲದ ಕಡೆ ಮಾಡಿ, ಹೆಬ್ಬೆರಳಿನಿಂದ ಸಣ್ಣ ಹಿಡಿಯನ್ನು ಸರಿಸಿದಳು. ಬಂದೂಕು ಸಲೀಸಾಗಿ ಮಡಚಿಕೊಂಡಿತು. ಎರಡೂ ನಳಿಗೆಯಲ್ಲಿ ಇಣುಕಿದಳು, ಬೆರಳು ಹಾಕಿ ತಡವಿದಳು, ತೆರೆದದ್ದನ್ನು ತೆರೆದಂತೆಯೇ ಮೇಜಿನ ಮೇಲಿಟ್ಟಳು.

ಖಾಲಿ ಇರುವುದು ಕಣ್ಣಿಗೇ ಕಾಣುತ್ತಿತ್ತಲ್ಲ, ಬೆರಳೇಕೆ ಹಾಕಿದಿರಿ ಎಂದು ಸಾಹೇಬರು ಕೇಳಿದರು.

“ಗೊತ್ತಿದ್ರೂ ಮುಟ್ಟಿ ನೋಡಬೇಕ್ರಿ. ಅಪ್ಪ ಹಂಗ ಕಲಿಸ್ಯಾನ.”

ಸಾಹೇಬರು ನನ್ನ ಅರ್ಜಿ ನೋಡಿದರು, ಅಕ್ಕನನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನನಗೆ ಆಗ ಹೊಳೆಯಿತು. ನಿನಗೇ ಬೇಕಾಗಿತ್ತೇನು ಅಕ್ಕ ಎಂದು ಕೇಳಿದೆ.

“ನೀ ಕೇಳಲಿಲ್ಲ, ನಾ ಹೇಳಲಿಲ್ಲ,” ಅಂದಳು ಅಕ್ಕ, ನೆಲ ನೋಡುತ್ತ.

ನನ್ನ ಅರ್ಜಿಯನ್ನು ಅಲ್ಲೇ ಹಿಂದೆಗೆದುಕೊಂಡೆ. ಅಕ್ಕನ ಅರ್ಜಿ ಮೊದಲಿನಿಂದ ಶುರುವಾಯಿತು. ವೈದ್ಯರ ಪ್ರಮಾಣಪತ್ರಕ್ಕೂ ಬಂದೂಕು ಹಿಡಿಯುವ ತರಬೇತಿಗೂ ಬಾಗಲಕೋಟೆಗೆ ಬಂದು ನಮ್ಮ ಮನೆಯಲ್ಲೇ ಉಳಿದಳು. ಅರವತ್ತು ದಾಟಿದವಳು ಶಾಲೆಗೆ ಹೋಗುವ ಹುಡುಗಿಯ ಹಾಗೆ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದಳು, ಸಂಜೆ ಬಂದು ಕಲಿತದ್ದನ್ನು ನನಗೆ ಒಪ್ಪಿಸುತ್ತಿದ್ದಳು. ಲೈಸೆನ್ಸಿನ ಫೋಟೋಗೆ ಹೊಸ ಇಳಕಲ್ ಸೀರೆಯನ್ನೇ ಉಟ್ಟಳು, ಫೋಟೋದಲ್ಲಿ ಬರುವುದು ಕುತ್ತಿಗೆಯವರೆಗೆ ಮಾತ್ರ ಎಂದು ಎಷ್ಟು ಹೇಳಿದರೂ ಕೇಳದೆ. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಇದ್ದಷ್ಟು ನಗು ಅಪ್ಪ ಹೋದ ಮೇಲೆ ಇರಲಿಲ್ಲ.

ಕೊನೆಗೆ ಉಳಿದದ್ದು ನನ್ನ ಪತ್ರ. ಛಾಪಾ ಕಾಗದ ತಂದು ಬರೆಯಲು ಕುಳಿತೆ. ಸೇವೆಯಲ್ಲಿದ್ದಾಗ ಸರಕಾರಕ್ಕೆ ನಾನು ಬರೆದ ಅರ್ಜಿಗಳಿಗೆ ಲೆಕ್ಕವಿಲ್ಲ. ಕ್ರಿಕೆಟ್ಟಿನ ದಿನ ಹೊಟ್ಟೆನೋವು, ಮದುವೆಯ ಸೀಜನ್ನಿನಲ್ಲಿ ಸೊಂಟನೋವು, ವರ್ಗಾವಣೆ ಬಂದಾಗ ರಕ್ತದೊತ್ತಡ. ಮೇಲೆ ‘ಮಾನ್ಯರೇ’, ಕೆಳಗೆ ‘ತಮ್ಮ ವಿಶ್ವಾಸಿ’, ನಡುವೆ ಬರೀ ಸುಳ್ಳು. ಈ ಸಲ ಬರೆದದ್ದು ಒಂದೇ ಸಾಲು: ಬಂದೂಕು ನನ್ನ ಅಕ್ಕನಿಗೆ ಹೋಗುವುದಕ್ಕೆ ನನ್ನ ಯಾವ ತಕರಾರೂ ಇಲ್ಲ. ಓದಿ ನೋಡಿದೆ. ಪೂರ್ತಿ ಖರೆಯಾಗಿತ್ತು. ಸರಕಾರಕ್ಕೆ ಇದು ಹೊಸದು, ನನಗೂ.