ಯಾರೂ ಕೇಳದ ಮಾರ್ಕು

ಮಗಳ ಹಳೇ ಮಾರ್ಕು ತೋರಿಸು ಅಂತ ಕಾಲೇಜಿನವರು ನನ್ನನ್ನು ಕೇಳಿರಲಿಲ್ಲ. ನಾನೇ ತೋರಿಸಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಎಲ್ಲಾ ತಪ್ಪು ಅವರದೇ ಅಂತ ಬರೆಯುತ್ತ ಹೋಗುತ್ತೇನೆ.

ನಾವಿದ್ದದ್ದು ಖಾನಾಪುರದಲ್ಲಿ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ಮನೆಯ ಬಾಜೂಕೇ ಮರಾಠಿ ಸಾಲಿ ಇತ್ತು. ಸಣ್ಣ ಹುಡುಗಿಯನ್ನು ದೂರ ಯಾಕೆ ಕಳಿಸಬೇಕು ಅಂತ ಅಲ್ಲೇ ಹಾಕಿದೆವು. ಏಳನೇ ಇಯತ್ತೆ ತನಕ ವರ್ಗದಲ್ಲಿ ಮೊದಲನೇ ನಂಬರು, ತಪ್ಪಿದರೆ ಎರಡನೇದು. ಎಂಟನೇ ಇಯತ್ತೆಗೆ ನನ್ನ ಗಂಡ ಅವಳನ್ನು ಕನ್ನಡ ಹೈಸ್ಕೂಲಿಗೆ ಹಾಕಿದರು. ಕನ್ನಡದವರ ಮಗಳು ಕನ್ನಡ ಓದದಿದ್ದರೆ ಹೇಗೆ ಅಂತ ಅವರ ಅಣ್ಣ ಅಂದಿದ್ದರಂತೆ. ಅನ್ನುವವರಿಗೆ ಏನು, ಓದುವಾಕಿ ಇವಳು.

ಮನೆಯಲ್ಲಿ ಮಾತಾಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಆ ವರ್ಷ ಇತಿಹಾಸ, ವಿಜ್ಞಾನ ಎರಡೂ ನಪಾಸು. ಪ್ರಗತಿ ಪತ್ರದಲ್ಲಿ ಆ ಅಂಕಿಗಳ ಕೆಳಗೆ ಕೆಂಪು ಗೆರೆ. ಲೆಕ್ಕ ಮಾತ್ರ ಎಂಬತ್ತರ ಕೆಳಗೆ ಇಳಿಯಲಿಲ್ಲ. ಅದನ್ನು ನೋಡಿಯೇ ಮಾಸ್ತರು ಅವಳನ್ನು ಮುಂದಿನ ವರ್ಗಕ್ಕೆ ಹಾಕಿದರು. ಒಂಬತ್ತನೇ ಇಯತ್ತೆಯಲ್ಲಿ ಎಲ್ಲಾ ಪಾಸು. ಹತ್ತನೇದರಲ್ಲಿ ಫಸ್ಟ್ ಕ್ಲಾಸು.

ನಾನು ಕಲಿತದ್ದು ಮೂರನೇ ಇಯತ್ತೆ. ಆಗ ಅಕ್ಷರ ಕೂಡಿಸಿ ಓದಲು ಹೊತ್ತು ಹಿಡಿಯುತ್ತಿತ್ತು, ಅಂಕಿ ಮಾತ್ರ ತಿಳಿಯುತ್ತಿದ್ದವು. ಮೂರು ವರ್ಷದ ಪತ್ರ ಸಾಲಾಗಿ ಇಟ್ಟರೆ ಹುಡುಗಿ ಏರುತ್ತಿದ್ದಾಳೆ ಅಂತ ಯಾರಿಗಾದರೂ ಕಾಣಬೇಕು. ನನಗೆ ಕಂಡಿತ್ತು. ಅದೇ ನನ್ನ ಸೊಕ್ಕು.

ಅವಳಿಗೆ ಸೈನ್ಸ್ ಬೇಕಿತ್ತು. ಬಿ.ಎಸ್ಸಿ. ಮಾಡಿ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಬೇಕು ಅಂತ. ಇಸವಿ ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು. ಕಾಲೇಜಿನವರು ಕರೆದ ದಿನ ಗಂಡ ನಂದಗಡದ ಸಂತೆಗೆ ಹೋಗಬೇಕಿತ್ತು. ನಾನು ಮಗಳನ್ನು ಕರಕೊಂಡು ಬೆಳಗಾವಿ ರೈಲು ಹತ್ತಿದೆ. ಚೀಲದಲ್ಲಿ ಆ ಮೂರು ಪತ್ರ.

"ಅವನ್ಯಾಕ ತಂದಿ ಬೇ?" ಅಂದಳು ಮಗಳು.

"ಇರ್ಲಿ ಬಿಡ, ಭಾರ ಆಗ್ತಾವೇನು?" ಅಂದೆ.

ಕಾಲೇಜಿನಲ್ಲಿ ಸೈನ್ಸಿಗೆ ಒಂದೇ ಸೀಟು ಉಳಿದಿತ್ತು. ಪ್ರಿನ್ಸಿಪಾಲರ ಕೋಣೆಗೆ ನಮ್ಮನ್ನೂ ನೆಹರು ನಗರದ ಇನ್ನೊಂದು ಹುಡುಗಿಯನ್ನೂ ಅದರ ಅಪ್ಪನನ್ನೂ ಕೂಡೇ ಕರೆದರು. ಪ್ರಿನ್ಸಿಪಾಲರು ಕೆಟ್ಟವರೇನಲ್ಲ. ನನಗೆ "ಕುಂದರ್ರಿ ಅಕ್ಕಾರ" ಅಂದರು.

"ಇಬ್ಬರದೂ ಟೋಟಲ್ ಸರೀಸಮ ಐತಿ. ಯಾರಿಗಿ ಕೊಡೂಣು, ನೀವ ಹೇಳ್ರಿ."

ಆ ಹುಡುಗಿಯ ಅಪ್ಪ ನೆಲ ನೋಡುತ್ತ ಕುಂತ. ನಾನು ಸುಮ್ಮನಿರಬೇಕಿತ್ತು. ಚೀಲಕ್ಕೆ ಕೈ ಹಾಕಿದೆ. ಮಗಳು ಸೆರಗು ಜಗ್ಗಿದಳು, ಕೈ ಕೊಡವಿ ಮೂರೂ ಪತ್ರ ಟೇಬಲ್ಲಿನ ಮೇಲೆ ಹರವಿದೆ.

"ನೋಡ್ರಿ ಸಾಹೇಬರ, ಎಲ್ಲಿಂದ ಎಲ್ಲಿಗಿ ಬಂದಾಳ."

ಅವರು ಕನ್ನಡಕ ಹಾಕಿ ನೋಡಿದರು. ಬೆರಳು ಸೀದಾ ಕೆಂಪು ಗೆರೆಯ ಮೇಲೆ ಬಂತು.

"ಇದೇನ್ರೀ, ವಿಜ್ಞಾನದಾಗ ನಪಾಸು! ಸೈನ್ಸ್ ಕೇಳಾಕ ಬಂದೀರಿ."

"ಅದು ಎಂಟನೇತ್ತಾದ್ದು. ಅಲ್ಲೀಮಟ ಮರಾಠಿ ಸಾಲ್ಯಾಗ ಓದಿದ್ಲರಿ. ಒಮ್ಮೆಲೆ ಕನ್ನಡ ಬಂತು, ತಡವರಿಸಿದ್ಲು. ಎರಡು ವರ್ಷದಾಗ ಹೆಂಗ ಎದ್ದಾಳ ನೋಡ್ರಿ."

"ಎರಡು ವರ್ಷ ಬೇಕಾದ್ವು ಅನ್ರಿ."

"ಹೌದ್ರಿ, ಎರಡ ವರ್ಷ!" ಅಂದೆ, ಹೆಮ್ಮೆಯಿಂದ.

ಅವರು ಕನ್ನಡಕ ತೆಗೆದರು. "ಅಕ್ಕಾರ, ಇಲ್ಲೆ ಸೈನ್ಸ್ ಎಲ್ಲಾ ಇಂಗ್ಲಿಷಿನ್ಯಾಗ ಇರತೈತಿ. ಮತ್ತ ಭಾಷಾ ಬದಲಿ. ಈಕಿಗಿ ಎದ್ದು ನಿಂದರಾಕ ಎರಡು ವರ್ಷ ಬೇಕಂತ ನೀವ ಹೇಳಾಕತ್ತೀರಿ. ಪೀಯೂಸಿ ಇರೂದ ಎರಡು ವರ್ಷ."

"ಲೆಕ್ಕ ನೋಡ್ರಿ, ಲೆಕ್ಕ ಒಂದ ವರ್ಷನೂ ಬಿದ್ದಿಲ್ಲ!"

"ಲೆಕ್ಕಕ್ಕ ಭಾಷಾ ಬೇಕಾಗೂದಿಲ್ರಿ. ಉಳಿದದ್ದಕ್ಕ ಬೇಕಲ್ಲ."

"ಹಂಗಾರ ಆ ಹುಡುಗೀದೂ ಹಳೇ ಮಾರ್ಕು ತರಸ್ರಿ. ಅದೂ ಕನ್ನಡದಾಗ ಓದಿದ್ದಲ್ಲೇನು?"

ಆ ಅಪ್ಪ ಮೊದಲ ಸಲ ಬಾಯಿ ಬಿಟ್ಟ. "ನಮಗ ತರ್ರಿ ಅಂತ ಯಾರೂ ಹೇಳಿರಲಿಲ್ರಿ."

ಖರೇ ಮಾತು. ನನಗೂ ಹೇಳಿರಲಿಲ್ಲ. ಆ ಹುಡುಗಿ ಎಂಟರಲ್ಲಿ ಏರಿದ್ದಳೋ ಬಿದ್ದಿದ್ದಳೋ ಯಾರಿಗೂ ಗೊತ್ತಾಗಲಿಲ್ಲ. ಸೀಟು ಅದಕ್ಕೇ ಹೋಯಿತು. ನಮಗೆ ಆರ್ಟ್ಸ್ ಫಾರ್ಮು ಕೊಟ್ಟರು. "ಅದರಾಗ ಕನ್ನಡದಾಗ ಬರೀಬಹುದು, ಚಲೋ ಆಕ್ಕೈತಿ" ಅಂದರು. ಕನ್ನಡದಲ್ಲಿ ಬರೆಯುವುದಕ್ಕೆ ಅವಳು ಪಟ್ಟ ಪಾಡು ಅವರ ಮುಂದೆಯೇ ಇತ್ತು, ಕೆಂಪು ಮಸಿಯಲ್ಲಿ.

ಏರಿದ್ದನ್ನು ತೋರಿಸಿದರೆ ಬಿದ್ದದ್ದೇ ಕಾಣುತ್ತದೆ ಅಂತ ನನಗೆ ಹೇಗೆ ತಿಳಿಯಬೇಕು? ಇವತ್ತಿಗೂ ಸಿಟ್ಟು ಬರುತ್ತದೆ. ಅವರ ಮೇಲೆ ಅರ್ಧ, ನನ್ನ ಮೇಲೆ ಅರ್ಧ. ಅವರ ಮಾತಿನಲ್ಲಿ ಸುಳ್ಳು ಏನೂ ಇರಲಿಲ್ಲ, ಅದೇ ಹೆಚ್ಚು ಉರಿಸುತ್ತದೆ. ಸುಳ್ಳು ಹೇಳಿದ್ದರೆ ಜಗಳ ಮಾಡಬಹುದಿತ್ತು.

ವಾಪಸ್ ರೈಲಿನಲ್ಲಿ ಮಗಳು ಕಿಟಕಿ ಕಡೆ ಮುಖ ಮಾಡಿ ಕುಂತಳು. ದೇಸೂರು ದಾಟಿದ ಮೇಲೆ ಮಾತಾಡಿದಳು.

"ಎರಡು ವರ್ಷ ಅಂತ ನೀ ಯಾಕ ಅಂದಿ? ಈ ಸಲ ನನಗ ಆರ ತಿಂಗಳು ಸಾಕಾಗತಿತ್ತು."

"ಅಲ್ಲೇ ಹೇಳಬೇಕಿತ್ತಿಲ್ಲ, ಬಾಯಿ ಇರಲಿಲ್ಲೇನು?"

"ನೀ ಮಾತಾಡಾಕ ಬಿಟ್ಟೇನು?"

ರೊಟ್ಟಿ ಗಂಟು ಬಿಚ್ಚಿ ಕೊಟ್ಟೆ. ಮುಟ್ಟಲಿಲ್ಲ.

ಆರ್ಟ್ಸ್ ಓದಿದಳು. ಎರಡೂ ವರ್ಷ ಫಸ್ಟ್ ಕ್ಲಾಸು. ಬಿ.ಎ.ಗೆ ಹೆಸರು ಹಚ್ಚಲು ಹೋದಾಗಲೂ ಸಂಗಡ ಹೋದೆ. ಅಷ್ಟೊತ್ತಿಗೆ ಎಂಬತ್ತರ ಇಸವಿ ಬಂದಿತ್ತು. ಬಾಗಿಲ ಹತ್ತಿರ ನಿಂತು, "ನೀ ಒಳಗ ಬರಬ್ಯಾಡ ಬೇ" ಅಂದಳು. ನಾನು ಹೊರಗೆ ಕಟ್ಟೆಯ ಮೇಲೆ ಕುಂತೆ. ಬಹಳ ಹೊತ್ತಾಗಲಿಲ್ಲ, ಬಂದಳು.

"ಆತು. ನಡಿ."

"ಏನರ ಕೇಳಿದ್ರೇನು?"

"ಎಸ್ಸೆಸ್ಸೆಲ್ಸಿಯೊಳಗ ಲೆಕ್ಕಕ್ಕ ಇಷ್ಟು ಮಾರ್ಕು ಇದ್ದಾವು, ಸೈನ್ಸ್ ಯಾಕ ತಗೋಲಿಲ್ಲ ಅಂದ್ರು."

"ನೀ ಏನಂದಿ?"

"ಏನೂ ಅನ್ಲಿಲ್ಲ," ಅಂದಳು. ನನಗಿಂತ ಮುಂದೆ ಮುಂದೆ ಸ್ಟೇಶನ್ನಿನ ಕಡೆ ನಡೆದಳು.